ಪೈಲ್ವಾನನ ಮೀನಖಂಡ

ನನ್ನ ಅಕ್ಕನ ಮಗನಿಗೆ ನಾಲ್ಕು ವರ್ಷ ಇದ್ದಾಗ ಅವನ ಮೀನಖಂಡ ನೋಡಿ ನಮ್ಮ ಅವ್ವ ಬಹಳ ಹೆಮ್ಮೆ ಪಡುತ್ತಿದ್ದಳು. ತೊಡೆ ಸಣ್ಣ, ತೋಳು ಸಣ್ಣ. ಆದರೆ ಮೊಣಕಾಲ ಕೆಳಗೆ, ಹಿಂಭಾಗದಲ್ಲಿ ಮಾತ್ರ ಗುಂಡುಕಲ್ಲಿನ ಹಾಗೆ ಗಟ್ಟಿ. ಮನೆಗೆ ಬಂದವರ ಮುಂದೆ ಅವನನ್ನು ನಿಲ್ಲಿಸಿ, "ನೋಡ್ರಿ, ನಮ್ಮ ಪೈಲ್ವಾನ. ಇವನ್ನ ಗರಡಿ ಮನಿಗೇ ಹಾಕೂದು" ಅನ್ನುತ್ತಿದ್ದಳು. ಎಲ್ಲರೂ ನಗುತ್ತಿದ್ದೆವು. ನಾನೂ ನಕ್ಕಿದ್ದೇನೆ.

ಆ ಮೀನಖಂಡ ಬಲದಿಂದ ಉಬ್ಬಿದ್ದಲ್ಲ. ಸ್ನಾಯು ಹಾಳಾದ ಜಾಗದಲ್ಲಿ ಕೊಬ್ಬು, ನಾರು ತುಂಬಿಕೊಂಡು ಉಬ್ಬಿದ್ದು. ಇಷ್ಟು ನಮಗೆ ತಿಳಿಯುವ ಹೊತ್ತಿಗೆ ಅವನಿಗೆ ಏಳೂವರೆ ವರ್ಷ.

ನಾನು ಕೊಪ್ಪಳದಲ್ಲಿ ಹೈಸ್ಕೂಲ್ ಮಾಸ್ತರ. ಕಲಿಸುವುದು ವಿಜ್ಞಾನ. ಎಕ್ಸ್ ಮತ್ತು ವೈ ಕ್ರೋಮೋಸೋಮು ಬೋರ್ಡಿನ ಮೇಲೆ ಬರೆದು ಹತ್ತನೇ ಕ್ಲಾಸಿನವರಿಗೆ ವರ್ಷ ವರ್ಷವೂ ಪಾಠ ಮಾಡಿದವನು. ಅಕ್ಕನನ್ನು ಕೊಟ್ಟಿದ್ದು ಯಲಬುರ್ಗಾ ಕಡೆಯ ಒಂದು ಹಳ್ಳಿಗೆ. ತಿಂಗಳಿಗೆ ಎರಡು ಸಲವಾದರೂ ಹೋಗಿಬರುತ್ತಿದ್ದೆ. ಹುಡುಗ ಒಂದೂವರೆ ವರ್ಷ ದಾಟಿದ ಮೇಲೆ ನಡೆದ. ಕೆಲವು ಮಕ್ಕಳು ತಡ ಅಂದುಕೊಂಡೆವು. ನಡೆದ ಮೇಲೆ ತುದಿಗಾಲಲ್ಲಿ ನಡೆದ. ಹೊಟ್ಟೆ ಮುಂದೆ ಮಾಡಿಕೊಂಡು ಆ ಕಡೆ ಈ ಕಡೆ ಓಲಾಡುತ್ತಿದ್ದ. ಸುಮ್ನೆ ಸುಮ್ನೆ ಬೀಳುತ್ತಿದ್ದ. ಓರಗೆಯ ಹುಡುಗರು ಕಟ್ಟೆಯಿಂದ ಹಾರುವಾಗ ಇವನು ಅದೇ ಕಟ್ಟೆಯನ್ನು ಕೈಯಲ್ಲಿ ಹಿಡಿದು ಹತ್ತುತ್ತಿದ್ದ. ಇಷ್ಟೆಲ್ಲ ಕಣ್ಣಾರೆ ಕಂಡು ನಾನು ಕೊಟ್ಟ ಸಲಹೆ ಏನು ಗೊತ್ತಾ? "ದಿನಾ ಓಡಿಸ್ರಿ ಭಾವಾ, ಕಾಲು ಗಟ್ಟಿ ಆಗ್ತಾವ." ಮಾಸ್ತರ ಹೇಳಿದ್ದಲ್ವಾ, ಭಾವ ನಂಬಿದರು. ಬೆಳಿಗ್ಗೆ ಹೊಲಕ್ಕೆ ಹೋಗುವಾಗ ಅವನನ್ನು ಮುಂದೆ ಬಿಟ್ಟು ಓಡಿಸಿದರು. ಈ ಕಾಯಿಲೆಯ ಮಕ್ಕಳನ್ನು ಅತಿಯಾಗಿ ದಣಿಸಿದರೆ ಸ್ನಾಯು ಇನ್ನೂ ಬೇಗ ಹರಿಯುತ್ತದೆ ಎಂದು ಆಮೇಲೆ ಡಾಕ್ಟರು ಹೇಳಿದಾಗ ಭಾವ ನನ್ನ ಕಡೆ ನೋಡಲಿಲ್ಲ. ನೋಡಿದ್ದರೇ ಚೆನ್ನಾಗಿತ್ತು.

ನಡುವಿನ ಮೂರು ವರ್ಷದಲ್ಲಿ ಏನೇನು ನಡೆಯಿತು ಎಂದು ಪೂರ್ತಿ ಬರೆದರೆ ಅದೇ ಒಂದು ಪುಸ್ತಕ. ಹುಲಿಗೆಮ್ಮನಿಗೆ ಐದು ಮಂಗಳವಾರ ನಡೆದುಕೊಂಡರು. ಅಂಜನಾದ್ರಿಯ 575 ಮೆಟ್ಟಿಲನ್ನು ಭಾವ ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಹತ್ತಿದರು. ಮುಂದಿನ ವರ್ಷ ತಾನೇ ಹತ್ತುತ್ತಾನೆ ಎಂದು ಅಕ್ಕ ಹರಕೆ ಕಟ್ಟಿಕೊಂಡಳು. ಕುಸುಬಿ ಎಣ್ಣೆ ಕಾಸಿ ತಿಕ್ಕಿದ್ದಂತೂ ಲೆಕ್ಕವಿಲ್ಲ. ಒಬ್ಬ ಡಾಕ್ಟರು ಕ್ಯಾಲ್ಸಿಯಂ ಬರೆದರು. ಇನ್ನೊಬ್ಬರು ರಕ್ತ ತೆಗೆಸಿ, "ಲಿವರ್ ಸ್ವಲ್ಪ ಕೆಟ್ಟೈತಿ" ಅಂದರು. ಕಾಮಣಿ ಇರಬಹುದು ಅಂತ ಮನೆಯವರು ಊರ ಹೊರಗೆ ಕಾಮಣಿ ಔಷಧಿ ಕೊಡುವವರ ಹತ್ತಿರ ಹೋದರು. ಎಂಟು ತಿಂಗಳು ಆ ಸಿರಪ್ಪು, ಈ ಕಷಾಯ, ಎಣ್ಣೆ ಇಲ್ಲದ ಊಟ.

ಇದರಲ್ಲಿ ಒಂದು ವಿಷಯ ಎಲ್ಲರಿಗೂ ಗೊತ್ತಿರಬೇಕು. ಲಿವರ್ ಟೆಸ್ಟಿನಲ್ಲಿ ನೋಡುವ ಎಸ್‌ಜಿಓಟಿ, ಎಸ್‌ಜಿಪಿಟಿ ಎನ್ನುವ ಕಿಣ್ವಗಳು ಸ್ನಾಯುವಿನಲ್ಲೂ ಇವೆ. ಸ್ನಾಯು ಹರಿದಾಗ ಅಲ್ಲಿಂದಲೂ ರಕ್ತಕ್ಕೆ ಸೋರುತ್ತವೆ. ಅವು ಜಾಸ್ತಿ ಬಂದರೆ ಲಿವರ್ ಅಂತಲೇ ಹಿಡಿಯುವುದು ಸಹಜ. ನಾನು ಆ ಡಾಕ್ಟರನ್ನು ಬೈಯುವುದಿಲ್ಲ. ಜೊತೆಗೆ, ಸ್ನಾಯುವಿನ ಕಿಣ್ವವನ್ನೇ ಅಳೆಯುವ ಸಿಪಿಕೆ ಎಂಬ ಇನ್ನೊಂದು ಟೆಸ್ಟು ಬರೆದಿದ್ದರೆ ಅಂದೇ ತಿಳಿಯುತ್ತಿತ್ತು. ದೊಡ್ಡ ಟೆಸ್ಟೇನಲ್ಲ, ಯಾವ ಊರಿನ ಲ್ಯಾಬಿನವರೂ ರಕ್ತ ತೆಗೆದು ಕಳಿಸಿ ಮಾಡಿಸಿಕೊಡುತ್ತಾರೆ. ಸಾಮಾನ್ಯವಾಗಿ ಅದು 200ರ ಒಳಗಿರುತ್ತದೆ. ನಮ್ಮ ಹುಡುಗನದ್ದು 14 ಸಾವಿರ ಚಿಲ್ಲರೆ ಬಂತು. ಲ್ಯಾಬಿನ ಹುಡುಗ ತಪ್ಪಾಗಿದೆ ಅಂದುಕೊಂಡು ಎರಡು ಸಲ ಮಾಡಿಸಿದ್ದನಂತೆ.

ಆ ಟೆಸ್ಟು ಬರೆದಿದ್ದು ಯಾರೋ ದೊಡ್ಡ ತಜ್ಞರಲ್ಲ. ಜ್ವರ ಅಂತ ತೋರಿಸಲು ಹೋದಾಗ ಹೊಸದಾಗಿ ಬಂದಿದ್ದ ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಹುಡುಗ ಬೆಂಚಿನಿಂದ ಏಳುವುದನ್ನು ನೋಡಿ, "ಕೆಳಗ ಕೂತು ಎದ್ದೇಳಪ್ಪಾ" ಅಂದರು. ಅವನು ಕೂತ. ಏಳಲು ಮೊದಲು ನೆಲಕ್ಕೆ ಎರಡೂ ಕೈ ಊರಿದ. ಆಮೇಲೆ ಕೈ ಮೊಣಕಾಲಿಗೆ ಬಂತು, ಅಲ್ಲಿಂದ ತೊಡೆಗೆ. ತನ್ನ ಮೈಯನ್ನೇ ತಾನು ಹಿಡಿದು ಹಿಡಿದು ಹತ್ತಿ ನಿಂತ. ಮನೆಯಲ್ಲಿ ದಿನಕ್ಕೆ ಇಪ್ಪತ್ತು ಸಲ ಅವನು ಏಳುತ್ತಿದ್ದದ್ದೇ ಹಾಗೆ. ಅದು ನಮಗೆ ಅವನ ರೂಢಿ. ಅದಕ್ಕೊಂದು ಹೆಸರಿದೆ, ಗೋವರ್ಸ್ ಸೈನ್ ಅಂತ. ವಿಲಿಯಂ ಗೋವರ್ಸ್ ಎಂಬ ಇಂಗ್ಲೆಂಡಿನ ವೈದ್ಯರು 1879ರಲ್ಲೇ ಅದನ್ನು ಬರೆದಿಟ್ಟಿದ್ದಾರೆ. ಅಂದರೆ ನೂರ ನಲವತ್ತು ವರ್ಷದಿಂದ ಜಗತ್ತಿಗೆ ಗೊತ್ತಿರುವ ವಿಷಯ. ಯಂತ್ರ ಬೇಡ, ದುಡ್ಡು ಬೇಡ. ಮಗುವನ್ನು ನೆಲದ ಮೇಲೆ ಕೂರಿಸಿ ಏಳು ಅನ್ನುವುದಷ್ಟೇ. ಶಾಲೆಗೆ ವರ್ಷಕ್ಕೊಮ್ಮೆ ತಪಾಸಣೆಗೆ ಬಂದವರು ಅವನ ತೂಕ ನೋಡಿದ್ದರು, ಹಲ್ಲು ನೋಡಿದ್ದರು, ಕಣ್ಣು ನೋಡಿದ್ದರು. ಬೆಂಚಿನ ಮೇಲೆ ಕೂತಿದ್ದವನನ್ನು ಯಾರೂ ಕೆಳಗೆ ಕೂರಿಸಿರಲಿಲ್ಲ.

ಡಾಕ್ಟರಮ್ಮ ಚೀಟಿಯ ಮೇಲೆ 'ಡುಷೆನ್ ಮಸ್ಕ್ಯುಲರ್ ಡಿಸ್ಟ್ರೋಫಿ' ಎಂದು ಬರೆದು ಪಕ್ಕದಲ್ಲಿ ಒಂದು ಪ್ರಶ್ನೆ ಚಿಹ್ನೆ ಹಾಕಿದರು. ಜೀನ್ ದೋಷದಿಂದ ಸ್ನಾಯು ಕ್ಷಯಿಸುತ್ತ ಹೋಗುವ ಕಾಯಿಲೆ ಅದು. ಬೆಂಗಳೂರಿಗೆ ಹೋಗಿ ಅಂದರು.

ಹೋಗಿ ಅನ್ನುವುದು ಒಂದು ಮಾತು. ಹೋಗುವುದು ಹೇಗೆ ಎಂದು ಈಗ ನಾನು ಯಾರಿಗೆ ಬೇಕಾದರೂ ಪಾಠ ಮಾಡಬಲ್ಲೆ. ಕೊಪ್ಪಳದಿಂದ ಬೆಂಗಳೂರು ಹತ್ತಿರ ಹತ್ತಿರ 350 ಕಿಲೋಮೀಟರ್. ರಸ್ತೆಯಲ್ಲಿ ಕುಲುಕಾಟ ಜಾಸ್ತಿ ಅಂತ ನಾವು ಹಂಪಿ ಎಕ್ಸ್‌ಪ್ರೆಸ್ ಹಿಡಿಯುತ್ತೇವೆ. ಹೊಸಪೇಟೆ, ಬಳ್ಳಾರಿ, ಗುಂತಕಲ್ ಸುತ್ತಿಕೊಂಡು ಬೆಳಗಿನ ಹೊತ್ತಿಗೆ ಬೆಂಗಳೂರು ಮುಟ್ಟಿಸುತ್ತದೆ. ಅಂಗವಿಕಲರ ರಿಯಾಯಿತಿ ಇದೆ. ಸ್ಲೀಪರ್‌ನಲ್ಲಿ ಮುಕ್ಕಾಲು ಭಾಗ ದುಡ್ಡು ಬಿಡುತ್ತಾರೆ, ಹುಡುಗನಿಗೂ, ಜೊತೆಗೆ ಬರುವ ಒಬ್ಬರಿಗೂ. ಆದರೆ ಇವನನ್ನು ಎತ್ತಲು ಇಬ್ಬರು ಬೇಕು. ಹಾಗಾಗಿ ಮೂರನೆಯವನು ಪೂರಾ ಟಿಕೆಟ್ಟು. ಬಸ್ಸಿನ ಲೆಕ್ಕ ಇನ್ನೂ ಮಜಾ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಅಕ್ಕನಿಗೆ ಬಸ್ಸು ಪುಕ್ಕಟೆ, ಬೇಕಾದರೆ ಬೆಂಗಳೂರಿನವರೆಗೂ. ಹುಡುಗನ ಅಂಗವಿಕಲರ ಪಾಸು ನಡೆಯುವುದು ಮನೆಯಿಂದ 100 ಕಿಲೋಮೀಟರ್ ಒಳಗೆ ಮಾತ್ರ. ಕೊಪ್ಪಳ, ಗದಗ, ಹೊಸಪೇಟೆಗೆ ಆಗುತ್ತದೆ. ಅವನನ್ನು ನೋಡುವ ಡಾಕ್ಟರು ಆ ನೂರರ ಆಚೆ. ಕಂಡಕ್ಟರ್ ಒಮ್ಮೆ ಟಿಕೆಟ್ ಹರಿಯುತ್ತ, "ಅಮ್ಮಗ ಫ್ರೀ, ಪಾಸಿನ ಹುಡುಗಗ ಟಿಕೆಟ್. ಏನ್ ಕಾಲ ರೀ ಇದು" ಅಂತ ತಾನೇ ನಕ್ಕ.

ರೈಲಿನಲ್ಲಿ ನನಗೆ ಬಹಳ ದಿನ ಅರ್ಥವಾಗದ ಒಂದು ಸಂಗತಿ ಇತ್ತು. ಬೆಂಗಳೂರಿಗೆ ಹೊರಡುವ ದಿನ ಹುಡುಗ ಮಧ್ಯಾಹ್ನದಿಂದಲೇ ನೀರು ಕುಡಿಯುವುದಿಲ್ಲ. ಬಾಟಲಿ ಕೊಟ್ಟರೆ ತುಟಿಗೆ ಹಚ್ಚಿ ವಾಪಸ್ ಕೊಡುತ್ತಾನೆ. ಮೂರನೇ ಸಲ ಹೋಗುವಾಗ ಅಕ್ಕ ಕಿವಿಯಲ್ಲಿ ಹೇಳಿದಳು. ರೈಲಿನ ಪಾಯಖಾನೆಯಲ್ಲಿ ಅವನಿಗೆ ಕೂತರೆ ಏಳಲು ಆಗುವುದಿಲ್ಲ, ನಿಂತರೆ ಅಲುಗಾಟಕ್ಕೆ ಬೀಳುತ್ತಾನೆ. ಯಾರಾದರೂ ಒಳಗೆ ಬಂದು ಹಿಡಿದುಕೊಳ್ಳಬೇಕು. ಅವನಿಗೆ ಆಗ ಎಂಟೂವರೆ ವರ್ಷ, ನಾಚಿಕೆ ಶುರುವಾಗಿತ್ತು. ಅದಕ್ಕೆ ನೀರನ್ನೇ ಬಿಟ್ಟಿದ್ದ.

ಬೆಳಿಗ್ಗೆ ಸ್ಟೇಷನ್ನಿನಿಂದ ಆಟೋ. ಆಸ್ಪತ್ರೆಯಲ್ಲಿ ಚೀಟಿ, ಸಾಲು, ಮತ್ತೆ ಸಾಲು. ಅದು ದೊಡ್ಡ ಆಸ್ಪತ್ರೆ, ಹೆಸರು ಬೇಡ. ಇಡೀ ರಾಜ್ಯ, ಪಕ್ಕದ ರಾಜ್ಯದವರೆಲ್ಲ ಅಲ್ಲಿಗೇ ಬರುತ್ತಾರೆ. ಸಾಲಿನಲ್ಲಿ ಸಿಂಧನೂರಿನವರು ಸಿಕ್ಕರು, ಕಲಬುರಗಿಯವರು ಸಿಕ್ಕರು, ಅನಂತಪುರದವರು ಸಿಕ್ಕರು. ಎಲ್ಲರ ಮಡಿಲಲ್ಲೂ ಅದೇ ಮೀನಖಂಡದ ಹುಡುಗರು. ಭಾವ ಅವರನ್ನೆಲ್ಲ ಬಹಳ ಹೊತ್ತು ನೋಡಿದರು. ಆಮೇಲೆ ಹೊರಗೆ ಹೋಗಿ ಚಹಾ ತರ್ತೀನಿ ಅಂದವರು ಅರ್ಧ ತಾಸು ಬರಲಿಲ್ಲ.

ಡಾಕ್ಟರು ಚೆನ್ನಾಗಿ ಮಾತಾಡಿಸಿದರು. ಇಪ್ಪತ್ತು ನಿಮಿಷ ಕೊಟ್ಟರು, ಅಷ್ಟು ಜನರ ನಡುವೆ ಅದು ದೊಡ್ಡದೇ. ಗಂಡು ಮಕ್ಕಳಲ್ಲಿ ಮೂರೂವರೆ ಸಾವಿರದಿಂದ ಐದು ಸಾವಿರಕ್ಕೆ ಒಬ್ಬರಿಗೆ ಬರುತ್ತದೆ ಅಂದರು. ಸ್ನಾಯುವಿನ ಎಳೆ ಸೆಳೆದು ಬಿಡುವಾಗ ಅದರ ಪೊರೆ ಹರಿಯದ ಹಾಗೆ ಹಿಡಿಯುವ ಡಿಸ್ಟ್ರೋಫಿನ್ ಎಂಬ ಪ್ರೋಟೀನ್ ಇವನ ಮೈಯಲ್ಲಿ ತಯಾರಾಗುವುದಿಲ್ಲ. ಅದನ್ನು ಮಾಡಿಸುವ ಜೀನ್ ಮನುಷ್ಯನ ಜೀನ್‌ಗಳಲ್ಲೆಲ್ಲ ದೊಡ್ಡದು, 79 ತುಂಡು ಸೇರಿ ಆದದ್ದು. ರಕ್ತ ಕೊಟ್ಟು ಬಂದೆವು. ವಾರಗಳಾದ ಮೇಲೆ ರಿಪೋರ್ಟು ಬಂತು. 45ರಿಂದ 50ನೇ ತುಂಡಿನವರೆಗೆ ಇವನಲ್ಲಿ ಇಲ್ಲ. ಆರು ತುಂಡು ಹೋದರೆ ಉಳಿದ 73 ಇವೆಯಲ್ಲ, ಅಷ್ಟರಲ್ಲೇ ಹೇಗೋ ಆಗಬಾರದಾ ಅಂತ ಭಾವ ಕೇಳಿದರು. ಒಳ್ಳೆಯ ಪ್ರಶ್ನೆ. ಎಲ್ಲಿ ಕತ್ತರಿಸಿದೆ ಅನ್ನುವುದರ ಮೇಲೆ ಹೋಗುತ್ತದೆ. ಕೆಲವರಲ್ಲಿ ನಡುವಿನದು ಹೋಗಿಯೂ ಉಳಿದದ್ದು ಓದಲು ಬರುತ್ತದೆ, ಅದು ಬೆಕರ್ ಎನ್ನುವ ಸೌಮ್ಯ ರೂಪ. ಇವನಲ್ಲಿ ಕತ್ತರಿಸಿದ ಜಾಗದಿಂದ ಮುಂದಿನ ಅಕ್ಷರವೆಲ್ಲ ಜರುಗಿ ಅರ್ಥ ಕೆಟ್ಟಿದೆ.

ಸ್ಟೀರಾಯ್ಡ್ ಗುಳಿಗೆ ಶುರುಮಾಡಿದರು, ಡಿಫ್ಲಾಜಾಕಾರ್ಟ್. ತೂಕ ನೋಡಿ ಕೊಡುವುದು. 20 ಕಿಲೋ ಇದ್ದ ಅವನಿಗೆ ದಿನಕ್ಕೆ 18 ಮಿಲಿಗ್ರಾಂ, ಅಂದರೆ 6ರ ಗುಳಿಗೆ ಮೂರು. ಕಾಯಿಲೆ ವಾಸಿಯಾಗುವುದಿಲ್ಲ, ಆದರೆ ನಡಿಗೆ ಕೆಲವು ವರ್ಷ ಹೆಚ್ಚು ಉಳಿಯುತ್ತದೆ. ಹೃದಯಕ್ಕೂ ಉಸಿರಿಗೂ ಒಳ್ಳೆಯದು. ಗುಳಿಗೆ ಇಲ್ಲದಿದ್ದರೆ ಹನ್ನೆರಡು, ಹದಿಮೂರಕ್ಕೆ ಗಾಲಿ ಕುರ್ಚಿ. ನಾಲ್ಕೈದು ವರ್ಷಕ್ಕೇ ಬಂದಿದ್ದರೆ ಇನ್ನೂ ಬಲ ಇರುವಾಗಲೇ ಶುರುಮಾಡಬಹುದಿತ್ತು ಅಂದರು. ಯಾರನ್ನೂ ದೂರುವ ದನಿಯಲ್ಲಿ ಅನ್ನಲಿಲ್ಲ. ಆದರೂ ಆ ಮಾತು ನನ್ನ ಕಿವಿಯಲ್ಲಿ ಉಳಿಯಿತು. ಓಡಿಸ್ರಿ ಭಾವಾ ಅಂದಿದ್ದು ಅವನಿಗೆ ಐದು ವರ್ಷ ಇದ್ದಾಗ.

ಊರಿಗೆ ಬಂದ ಮೇಲೆ ನಾನು ಇನ್ನೊಂದು ತಪ್ಪು ಮಾಡಿದೆ. ನಮ್ಮ ಕಡೆ ಸಂಬಂಧದಲ್ಲೇ ಮದುವೆ ಜಾಸ್ತಿ. ಅಕ್ಕನನ್ನೂ ಸೋದರತ್ತೆಯ ಮಗನಿಗೇ ಕೊಟ್ಟಿದ್ದು. ಹುಡುಗನ ಸುದ್ದಿ ಕೇಳಿದವರೆಲ್ಲ, "ಸಂಬಂಧದಾಗ ಕೊಟ್ಟಿದ್ದಕ್ಕ ಹಿಂಗಾತು" ಅನ್ನಲು ಶುರುಮಾಡಿದರು. ಸ್ನಾಯು ಕ್ಷಯಿಸುವ ಬೇರೆ ಕೆಲವು ಕಾಯಿಲೆಗಳಿವೆ, ಅವು ರಕ್ತಸಂಬಂಧದ ಮದುವೆಯಲ್ಲಿ ಹೆಚ್ಚು ಕಾಣಿಸಿಕೊಳ್ಳುತ್ತವೆ, ನಿಜ. ಡುಷೆನ್ ಹಾಗಲ್ಲ. ಅದು ಎಕ್ಸ್ ಕ್ರೋಮೋಸೋಮಿನ ಮೇಲಿದೆ. ಪರಊರಿನ, ಪರಜಾತಿಯ ಹುಡುಗನನ್ನು ಮದುವೆಯಾಗಿದ್ದರೂ ಬರುವುದು ಬಂದೇ ಬರುತ್ತಿತ್ತು. ಇದನ್ನು ಹೇಳಿ ಎರಡೂ ಮನೆಯ ಹಿರಿಯರ ಮನಸ್ಸು ಹಗುರ ಮಾಡೋಣ ಅಂತ ನಾನು ಪಡಸಾಲೆಯಲ್ಲಿ ಕೂತು, ಹಾಳೆಯ ಮೇಲೆ ಎಕ್ಸ್, ವೈ ಬರೆದು, ಗಂಡು ಮಗುವಿಗೆ ಎಕ್ಸ್ ಸಿಗುವುದು ತಾಯಿಯಿಂದ ಅಂತ ವಿವರಿಸಿದೆ. ಅತ್ತೆ ಪೂರ್ತಿ ಕೇಳಿದರು. ಕೇಳಿ, "ಹಂಗಾರ ತಾಯಿಂದನ ಬಂದದ್ದು ಅನ್ನು" ಅಂದರು.

ಅಡುಗೆ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು.

ಮೂರರಲ್ಲಿ ಒಂದು ಪಾಲು ಮಕ್ಕಳಲ್ಲಿ ಇದು ತಾಯಿಯಿಂದ ಬಂದಿರುವುದೇ ಇಲ್ಲ, ಹೊಸದಾಗಿ ಆದ ದೋಷ ಅಂತ ಆಮೇಲೆ ಎಷ್ಟು ಹೇಳಿದರೂ ಕೇಳುವವರು ಯಾರು? ಆಮೇಲೆ ಪರೀಕ್ಷೆಯಲ್ಲಿ ಅಕ್ಕ ವಾಹಕಿ, ಅಂದರೆ ಆ ದೋಷದ ಎಕ್ಸ್ ಹೊತ್ತವಳು ಎಂದೇ ಬಂತು. ನಾನೂ ಅದೇ ಅವ್ವನ ಮಗ. ಅವ್ವನಿಂದ ಅಕ್ಕನಿಗೆ ಬಂದ ಎಕ್ಸೇ ನನಗೂ ಬಂದಿದ್ದರೆ ಆ ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಮೂವತ್ತು ವರ್ಷ ಹಿಂದೆ ನಾನಿರಬೇಕಿತ್ತು. ನಮ್ಮ ಕಡೆ ಅಕ್ಕತಂಗಿಯರ ಮಗನನ್ನು ಅಳಿಯ ಅನ್ನುತ್ತೇವೆ. ಅವನ ಪಕ್ಕ ಕೂತಾಗಲೆಲ್ಲ, ಇವನ ಪಾಲಿಗೆ ಬಂದದ್ದು ನನ್ನನ್ನು ದಾಟಿ ಹೋಯಿತಲ್ಲ ಅಂತ ಒಂದು ಲೆಕ್ಕ ತಲೆಯಲ್ಲಿ ಓಡುತ್ತದೆ. ತಂಗಿಯೂ ಒಬ್ಬಳಿದ್ದಾಳೆ. ಅವಳೂ ಪರೀಕ್ಷೆ ಮಾಡಿಸಿಕೊಳ್ಳಬೇಕು ಎಂದು ಹೇಳಲು ನನಗೆ ಆರು ತಿಂಗಳು ಹಿಡಿಯಿತು. ಅವಳು ಮಾಡಿಸಿಕೊಂಡಳು. ಏನು ಬಂತು ಅನ್ನುವುದು ಅವಳ ವಿಷಯ, ಇಲ್ಲಿ ಬರೆಯುವುದಿಲ್ಲ. ಯಾರೂ ಹೇಳದ ಇನ್ನೊಂದು ಮಾತಿದೆ. ವಾಹಕಿಯಾದ ತಾಯಿಯ ಹೃದಯವೂ ನಿಧಾನಕ್ಕೆ ದುರ್ಬಲ ಆಗಬಹುದು, ಅವಳೂ ಕೆಲವು ವರ್ಷಕ್ಕೊಮ್ಮೆ ಎಕೋ, ಅಂದರೆ ಹೃದಯದ ಸ್ಕ್ಯಾನು, ಮಾಡಿಸಿಕೊಳ್ಳಬೇಕು. ಅಕ್ಕನಿಗೆ ಇದನ್ನು ಹೇಳಿ ಎರಡು ವರ್ಷ ಆಯಿತು. "ಮೊದ್ಲು ಅವಂದು ಆಗ್ಲಿ" ಅನ್ನುತ್ತಾಳೆ. ದಿನಕ್ಕೆ ಹತ್ತು ಸಲ ಅವನನ್ನು ಎತ್ತಿ ಇಳಿಸುವವಳು ಅವಳೇ.

ವಾಟ್ಸಾಪಿನಲ್ಲಿ ಬರುವ ಸುದ್ದಿಗಳದ್ದು ಬೇರೆ ಕಥೆ. 'ಒಂದೇ ಇಂಜೆಕ್ಷನ್, ಕಾಯಿಲೆ ಮಾಯ' ಅಂತ ಭಾವನ ಗೆಳೆಯರೊಬ್ಬರು ಕಳಿಸಿದ್ದರು. ಭಾವ ರಾತ್ರೋರಾತ್ರಿ ನನಗೆ ಫೋನ್ ಮಾಡಿ ಎರಡು ಎಕರೆ ಮಾರಿದರೆ ಆಗುತ್ತದಾ ಎಂದು ಕೇಳಿದರು. ಆ ಔಷಧಿಗೆ ಅಮೆರಿಕದಲ್ಲಿ 2023ರಲ್ಲಿ ಅನುಮತಿ ಸಿಕ್ಕಿತು, ಬೆಲೆ 32 ಲಕ್ಷ ಡಾಲರ್. ರೂಪಾಯಿಯಲ್ಲಿ ಇಪ್ಪತ್ತೈದು ಕೋಟಿಗೂ ಮೇಲೆ. ಭಾವನ ಹೊಲವಲ್ಲ, ನಮ್ಮ ಇಡೀ ಊರಿನ ಮಸಾರಿ ಭೂಮಿ ಮಾರಿದರೂ ಅಷ್ಟು ಬರುತ್ತದೋ ಇಲ್ಲವೋ. ಅದೂ ಮಾಯ ಮಾಡುವ ಔಷಧಿಯಲ್ಲ. ಅದನ್ನು ಪಡೆದ, ನಡೆಯಲಾಗದ ಇಬ್ಬರು ಹುಡುಗರು 2025ರಲ್ಲಿ ಲಿವರ್ ಕೆಟ್ಟು ತೀರಿಕೊಂಡರು. ನಮ್ಮ ಹುಡುಗನ ತುಂಡಿಗೆ ಹೊಂದುವ, 51ನೇ ತುಂಡನ್ನು ಹಾರಿಸಿ ಓದಿಸುವ ಇನ್ನೊಂದು ಔಷಧಿ ಇದೆ. ಅದನ್ನು ವಾರ ವಾರವೂ ಕೊಡಬೇಕು, ವರ್ಷಕ್ಕೆ ಕೋಟಿಗಳ ಮಾತು. ನಮ್ಮ ಕೇಂದ್ರ ಸರಕಾರದ 2021ರ ಅಪರೂಪದ ಕಾಯಿಲೆಗಳ ನೀತಿಯಲ್ಲಿ ಡುಷೆನ್ ಹೆಸರಿದೆ. ಗುರುತಿಸಿದ ಕೇಂದ್ರಗಳ ಮೂಲಕ 50 ಲಕ್ಷ ರೂಪಾಯಿವರೆಗೆ ನೆರವು ಸಿಗಬಹುದು. ಜೀವಮಾನ ಪೂರ್ತಿ ಬೇಕಾದ ಔಷಧಿಗೆ 50 ಲಕ್ಷ ಎಷ್ಟು ದಿನ ಬಂದೀತು? ನಾನು ಭಾವನಿಗೆ ಹೊಲ ಮಾರಬೇಡಿ ಅಂದೆ. ಈ ಸಲ ಕೊಟ್ಟ ಸಲಹೆ ಸರಿಯೇ ಇತ್ತು ಅಂದುಕೊಂಡಿದ್ದೇನೆ.

ಅಷ್ಟು ದೊಡ್ಡ ಲೆಕ್ಕದ ಮುಂದೆ ನಮ್ಮ ದಿನದ ಕಷ್ಟ ಚಿಕ್ಕದಾಗಿ ಕಾಣುತ್ತದೆ. ನನಗೆ ಹೇಳಬೇಕಾಗಿರುವುದು ಅದರದ್ದೇ. ವರ್ಷಕ್ಕೆ ಎರಡು ಸಲ ಬೆಂಗಳೂರಿನ ಡಾಕ್ಟರ ಮುಂದೆ ಕೂರುತ್ತೇವೆ. ಉಳಿದ 363 ದಿನ ಅವನು ಹಳ್ಳಿಯಲ್ಲಿರುತ್ತಾನೆ. ಕಾಯಿಲೆಯೂ ಅಲ್ಲೇ ಇರುತ್ತದೆ.

ಆ 363 ದಿನದಲ್ಲಿ ಏನು ಬೇಕು? ದಿನಾ ಬೆಳಿಗ್ಗೆ ಸಂಜೆ ಹಿಮ್ಮಡಿಯ ನರ ಬಿಗಿಯದ ಹಾಗೆ ಪಾದವನ್ನು ಮೇಲಕ್ಕೆ ಮಡಚಿ ಹಿಡಿಯಬೇಕು. ರಾತ್ರಿ ಕಾಲಿಗೆ ಸ್ಪ್ಲಿಂಟ್, ಅಂದರೆ ಪಾದವನ್ನು ನೇರ ಹಿಡಿಯುವ ಪಟ್ಟಿ, ಹಾಕಿ ಮಲಗಿಸಬೇಕು. ಆರು ತಿಂಗಳಿಗೆ ಅದು ಬಿಗಿಯಾಗುತ್ತದೆ, ಹೊಸದು ಅಳತೆ ಕೊಡಬೇಕು. ವರ್ಷಕ್ಕೊಮ್ಮೆ ಎಕೋ. ಗುಳಿಗೆ ತಪ್ಪಬಾರದು. ಇದರಲ್ಲಿ ಒಂದಕ್ಕೂ ಬೆಂಗಳೂರು ಬೇಕಿಲ್ಲ. ಬಳ್ಳಾರಿಯಲ್ಲಿ 1961ರಿಂದ ಮೆಡಿಕಲ್ ಕಾಲೇಜಿದೆ, ರಾಯಚೂರಿನಲ್ಲಿದೆ, ನಮ್ಮ ಕೊಪ್ಪಳದಲ್ಲೂ 2015ರಿಂದ ಇದೆ. ಇಲ್ಲದ್ದು ಈ ಹುಡುಗರನ್ನು ಒಂದೇ ಕಡೆ, ಒಂದೇ ದಿನ ನೋಡುವ ಏರ್ಪಾಡು. ಎಲ್ಲಿಗೆ ಹೋದರೂ ಮೊದಲಿನಿಂದ ಕಥೆ ಹೇಳಬೇಕು. ಅಕ್ಕ ಈಗ ಡುಷೆನ್ ಕಾಯಿಲೆಯ ಚಿಕ್ಕ ಹೆಸರು 'ಡಿಎಂಡಿ' ಅನ್ನುವುದನ್ನು ಎಷ್ಟು ಸಲೀಸಾಗಿ ಹೇಳುತ್ತಾಳೆ ಅಂದರೆ, ಏಳನೇ ಕ್ಲಾಸ್ ಓದಿದವಳು, ಅವಳೇ ನರ್ಸಮ್ಮಂದಿರಿಗೆ ಕಾಗುಣಿತ ಬರೆಸುತ್ತಾಳೆ.

ಒಂದು ಶಿಬಿರದಲ್ಲಿ ಅವನಿಗೆ ತ್ರಿಚಕ್ರ ಸೈಕಲ್ ಕೊಟ್ಟರು. ಕೈಯಲ್ಲಿ ಪೆಡಲ್ ತಿರುಗಿಸುವುದು, ಹಾರ, ಫೋಟೋ ಎಲ್ಲ ಆಯಿತು. ಪೋಲಿಯೋ ಆಗಿ ಕಾಲು ಹೋಗಿ ತೋಳು ಗಟ್ಟಿ ಇರುವವರಿಗೆ ಅದು ದೇವರು ಕೊಟ್ಟ ಗಾಡಿ. ಇವನಿಗೆ ಕಾಲಿನ ಹಿಂದೆಯೇ ತೋಳಿನ ಬಲವೂ ಹೋಗುತ್ತಿದೆ. 2016ರ ಅಂಗವಿಕಲರ ಕಾಯ್ದೆ 21 ಬಗೆಯ ನ್ಯೂನತೆಗಳಲ್ಲಿ ಮಸ್ಕ್ಯುಲರ್ ಡಿಸ್ಟ್ರೋಫಿಯನ್ನು ಬೇರೆಯಾಗಿ ಹೆಸರು ಹಿಡಿದು ಹೇಳಿದೆ. ಕಾರ್ಡೂ ಬಂದಿದೆ, ಶೇಕಡಾವಾರೂ ಬರೆದಿದ್ದಾರೆ. ಆದರೆ ಹಂಚುವ ಜಾಗಕ್ಕೆ ಬಂದರೆ ಅಂಗವಿಕಲ ಅಂದರೆ ಒಂದೇ ಜಾತಿ, ಎಲ್ಲರಿಗೂ ಒಂದೇ ಸೈಕಲ್. ಈಗ ಅದರ ಮೇಲೆ ಕೋಳಿ ಕೂರುತ್ತವೆ.

ಗುಳಿಗೆಯ ಕಥೆ ಹೇಳದೆ ಮುಂದೆ ಹೋಗಲಾರೆ. ಸ್ಟೀರಾಯ್ಡ್ ತಿಂದು ಹುಡುಗನ ಮುಖ ಚಂದ್ರನ ಹಾಗೆ ದುಂಡಗಾಯಿತು. ಊರವರು, "ಈಗ ಮೈ ಹಿಡಿದಾನ ನೋಡು, ಆರಾಮಾದ" ಅಂದರು. ಒಂದು ಮಳೆಗಾಲದಲ್ಲಿ ಅವನಿಗೆ ಎರಡು ದಿನ ವಾಂತಿ. ತೋರಿಸಲು ಹೋದಾಗ ಅಲ್ಲಿದ್ದವರು ಗುಳಿಗೆ ಚೀಟಿ ನೋಡಿ, "ಇವು ಕಿಡ್ನಿ ತಿಂತಾವ, ಮೊದ್ಲು ಬಿಡಿಸ್ರಿ" ಅಂದಿದ್ದಾರೆ. ಬಿಡಿಸಿದರು. ಈ ಗುಳಿಗೆಯನ್ನು ದಿಢೀರನೆ ನಿಲ್ಲಿಸಬಾರದು. ದಿನಾ ತಿನ್ನುವವರ ಮೈ ತಾನೇ ತಯಾರಿಸಬೇಕಾದ ಸ್ಟೀರಾಯ್ಡನ್ನು ಮರೆತಿರುತ್ತದೆ. ಜ್ವರ, ವಾಂತಿ ಇರುವಾಗಲಂತೂ ನಿಂತರೆ ಜೀವಕ್ಕೇ ಅಪಾಯ. ರಾತ್ರಿ ಹನ್ನೊಂದಕ್ಕೆ ಅಕ್ಕ ಫೋನ್ ಮಾಡಿದಳು. "ತಮ್ಮಾ, ಕರದ್ರ ಕಣ್ಣು ತೆಗಿವಲ್ಲ." ಬೈಕಿನಲ್ಲಿ ಅವರ ಊರಿಗೆ ಹೋಗಿ, ಅಲ್ಲಿಂದ ಯಾರದೋ ಟಂಟಂ ಮಾಡಿಕೊಂಡು ಕೊಪ್ಪಳಕ್ಕೆ ತರುವಷ್ಟರಲ್ಲಿ ಎರಡು ಗಂಟೆ. ನಾನು ಅಲ್ಲಿದ್ದ ಡ್ಯೂಟಿ ಡಾಕ್ಟರಿಗೆ ಫೋನಿನಲ್ಲಿ ಬೆಂಗಳೂರಿನ ಚೀಟಿ ತೋರಿಸಿದೆ. ಅವರು ಓದಿದರು, ಪ್ರಶ್ನೆ ಕೇಳಲಿಲ್ಲ, ಇಂಜೆಕ್ಷನ್ ಕೊಟ್ಟರು. ಬೆಳಗಾಗುವಾಗ ಹುಡುಗ ಕಣ್ಣು ಬಿಟ್ಟು, "ಮಾವಾ, ಸಾಲಿಗಿ ಹೋಗಿಲ್ಲ?" ಅಂದ.

ಅವತ್ತೇ ಒಂದು ಹಾಳೆ ಬರೆದು ಲ್ಯಾಮಿನೇಷನ್ ಮಾಡಿಸಿದೆ. ಒಂದು ಕಡೆ ಕನ್ನಡ, ಇನ್ನೊಂದು ಕಡೆ ಇಂಗ್ಲಿಷ್. ಕಾಯಿಲೆಯ ಹೆಸರು. ಗುಳಿಗೆ ನಿಲ್ಲಿಸಬೇಡಿ. ಎಸ್‌ಜಿಪಿಟಿ ಜಾಸ್ತಿ ಬಂದರೆ ಲಿವರ್ ಅಂದುಕೊಳ್ಳಬೇಡಿ. ಆಪರೇಷನ್ ಮಾಡುವುದಿದ್ದರೆ ಸಕ್ಸಿನೈಲ್‌ಕೋಲಿನ್ ಎಂಬ ಸ್ನಾಯು ಸಡಿಲಿಸುವ ಔಷಧಿ ಕೊಡಬೇಡಿ. ಬೆಂಗಳೂರಿನಲ್ಲಿ ಡಾಕ್ಟರಿಗೆ ತೋರಿಸಿ ತಿದ್ದಿಸಿದೆ. ಈಗ ಅದು ಅಕ್ಕನ ಮನೆಯಲ್ಲಿ ಕ್ಯಾಲೆಂಡರಿನ ಪಕ್ಕ ನೇತಾಡುತ್ತದೆ. ಗುಳಿಗೆ ಅವರ ಊರಿನ ಕಡೆ ಸಿಗುವುದಿಲ್ಲ. ನಾನು ಕೊಪ್ಪಳದಲ್ಲಿ ತೆಗೆದು ಸಂಜೆಯ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತೇನೆ, ಭಾವ ಊರಿನ ಸ್ಟಾಪಿನಲ್ಲಿ ಇಸಿದುಕೊಳ್ಳುತ್ತಾರೆ. ಆ ಕಂಡಕ್ಟರ್ ರಜಾ ಹಾಕುವ ದಿನ ನನಗೆ ಮೊದಲೇ ಫೋನ್ ಮಾಡಿ ಹೇಳುತ್ತಾನೆ. ನಮ್ಮ ಜಿಲ್ಲೆಯ ಆರೋಗ್ಯ ವ್ಯವಸ್ಥೆಯಲ್ಲಿ ನನಗೆ ಎಲ್ಲರಿಗಿಂತ ಜಾಸ್ತಿ ನಂಬಿಕೆ ಇರುವುದು ಅವನ ಮೇಲೆ.

ರಾಯಚೂರಿಗೆ ಏಮ್ಸ್ ಬೇಕು ಅಂತ 2022ರ ಮೇ ತಿಂಗಳಲ್ಲಿ ಕೂತ ಧರಣಿ ಸಾವಿರ ದಿನ ದಾಟಿತು. ನಾನೂ ಒಂದು ಭಾನುವಾರ ಹೋಗಿ ಆ ಪೆಂಡಾಲಿನಲ್ಲಿ ಕೂತು ಬಂದಿದ್ದೇನೆ. ಬರಲಿ, ಬರಲೇಬೇಕು. ರಾಯಚೂರಿನವರು ಹೈದರಾಬಾದಿಗೆ, ನಾವು ಹುಬ್ಬಳ್ಳಿಗೆ, ಬೆಂಗಳೂರಿಗೆ ಅಂತ ಎಷ್ಟು ದಿನ ಓಡಾಡುವುದು? ಆದರೆ ಈಗಲೇ ಅಡಿಗಲ್ಲು ಹಾಕಿದರೂ ಕಟ್ಟಡ ಏಳುವ ಹೊತ್ತಿಗೆ ನನ್ನ ಅಳಿಯನಿಗೆ ಎಷ್ಟು ವಯಸ್ಸಾಗಿರುತ್ತದೆ ಅಂತ ಲೆಕ್ಕ ಹಾಕುತ್ತಾ ವಾಪಸ್ ಬಂದೆ. ನಾನು ಕೇಳುವುದು ಅದಕ್ಕಿಂತ ಚಿಕ್ಕದು. ಮೂರು ಜಿಲ್ಲೆಗೆ ಸೇರಿ ತಿಂಗಳಿಗೆ ಒಂದು ದಿನ, ಎರಡನೇ ಶನಿವಾರ ಅನ್ನಿ. ಒಂದು ಕೋಣೆ. ಒಬ್ಬ ಮಕ್ಕಳ ಡಾಕ್ಟರು, ಒಬ್ಬ ಫಿಸಿಯೋ, ಎಕೋ ಮಾಡುವವರು, ಸ್ಪ್ಲಿಂಟ್ ಅಳತೆ ತೆಗೆಯುವವರು. ಟಿವಿ ಪರದೆಯ ಮೇಲೆ ಬೆಂಗಳೂರಿನ ಡಾಕ್ಟರು. ಅವರು ಕಾಲು ಮುಟ್ಟಿ ನೋಡಬೇಕಾದದ್ದು ವರ್ಷಕ್ಕೊಮ್ಮೆ ಸಾಕು. ಉಳಿದದ್ದನ್ನು ಪಕ್ಕದಲ್ಲಿದ್ದವರು ನೋಡಿ ಹೇಳಿದರೂ ಆಗುತ್ತದೆ. ಮುಖ್ಯವಾಗಿ, ಆ ಕೋಣೆಗೆ ಮೆಟ್ಟಿಲು ಇರಬಾರದು. ಪಕ್ಕದಲ್ಲಿ ಹಿಡಿಕೆ ಇರುವ, ಕುರ್ಚಿಯ ಹಾಗೆ ಕೂರುವ ಒಂದು ಪಾಯಖಾನೆ ಇರಬೇಕು.

ನಾನು ಮಾತ್ರ ಈಗ ಬದಲಾಗಿದ್ದೇನೆ, ಸ್ವಲ್ಪ ಅತಿಯಾಗಿಯೇ. ಯಾವ ಮದುವೆಗೆ ಹೋದರೂ ಓಡಾಡುವ ಮಕ್ಕಳ ಕಾಲು ನೋಡುತ್ತೇನೆ. ಪಂಕ್ತಿಯಲ್ಲಿ ಉಂಡು ಏಳುವಾಗ ಕೈ ಎಲ್ಲಿ ಊರುತ್ತಾರೆ ಎಂದು ನೋಡುತ್ತೇನೆ. ಹೋದ ತಿಂಗಳು ನಮ್ಮ ಓಣಿಯಲ್ಲೇ ಒಬ್ಬ ಐದು ವರ್ಷದ ಹುಡುಗ, ತುದಿಗಾಲಲ್ಲಿ ನಡೆಯುತ್ತಿದ್ದ. ಎರಡು ಸಲ ಬಿದ್ದದ್ದನ್ನೂ ನೋಡಿದೆ. ತಡೆಯಲಾಗಲಿಲ್ಲ. ಅವರ ಮನೆಗೆ ಹೋಗಿ, ಒಂದು ಸಿಪಿಕೆ ಟೆಸ್ಟು ಮಾಡಿಸಿರಿ ಅಂದೆ. ಯಾಕೆ ಎಂದು ಕೇಳಿದರು. ಹೇಳಿದೆ. ಆ ತಾಯಿ ಮೂರು ದಿನ ಊಟ ಬಿಟ್ಟಳಂತೆ. ರಿಪೋರ್ಟು ಬಂತು, 110. ಏನೂ ಇಲ್ಲ. ಆಮೇಲೆ ಮಕ್ಕಳ ಡಾಕ್ಟರ ಹತ್ತಿರವೂ ಹೋಗಿ ಬಂದರು, ರೂಢಿ, ದೊಡ್ಡವನಾದಂತೆ ಹೋಗುತ್ತದೆ ಅಂದರಂತೆ. ಆಕೆ ನಮ್ಮ ಮನೆ ಬಾಗಿಲಿಗೇ ಬಂದು, "ಮಾಸ್ತರಾಗಿ ನೀವು ಹಿಂಗ ಹೆದರಸೂದಾ? ನಿಮ್ಮ ಮನ್ಯಾಗ ಆಗೇತಿ ಅಂತ ಎಲ್ಲಾರ ಮನ್ಯಾಗೂ ಆಗಲಿ ಅಂತೀರೇನ್ರಿ?" ಅಂತ ಓಣಿಗೆಲ್ಲ ಕೇಳುವ ಹಾಗೆ ಬೈದಳು. ನನ್ನ ಹೆಂಡತಿ ಒಳಗಿನಿಂದ ಬರಲಿಲ್ಲ. ನಾನು ತಲೆ ಬಗ್ಗಿಸಿ ನಿಂತೆ. ಆಕೆ ಹೋದಮೇಲೆ ಆ ಹುಡುಗ ಅವ್ವನ ಹಿಂದೆ ತುದಿಗಾಲಲ್ಲೇ ಓಡುತ್ತ ಹೋದ. ನಮ್ಮ ಮನೆಯ ಮೂರು ಮೆಟ್ಟಿಲನ್ನು ಒಂದೇ ಸಲಕ್ಕೆ ಹಾರಿದ.

ರಾತ್ರಿ ಅಕ್ಕನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ನಕ್ಕಳು. ಬಹಳ ದಿನದ ಮೇಲೆ ಆ ನಗು ಕೇಳಿದ್ದು.

"ಬೈಸ್ಕೊಂಡ್ಯಾ? ಬೈಸ್ಕೋ. ಮೂರು ಮೆಟ್ಟಲಾ ಹಾರಿದ್ನಾ?"

"ಹೂಂ, ಮೂರೂ."

"ಚಲೋ ಆತು ಬಿಡು," ಅಂದಳು. ಆಮೇಲೆ, "ಹದಿನೆಂಟಕ್ಕ ಹೋಗೂದೈತಿ, ಟಿಕೇಟ್ ಮಾಡಿಸಿದ್ಯಾ? ಕೆಳಗಿನ ಸೀಟ್ ನೋಡು, ಪಾಯಖಾನಿ ಹತ್ರದ್ದು."